ಕೈಗೆ ತಕ್ಕ ಬಿಲ್ಲು

ಚೆಟ್ಟಳ್ಳಿಯಲ್ಲಿ ನನ್ನ ಸ್ನೇಹಿತರೊಬ್ಬರ ಮನೆಯುಂಟು. ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಇಳಿಯುವ ರಸ್ತೆಯಿಂದ ತುಸು ಒಳಗೆ, ಕಾಫಿ ಗಿಡಗಳ ನಡುವೆ, ಮುಂದೆ ವಿಶಾಲವಾದ ಕಣವನ್ನಿಟ್ಟುಕೊಂಡು ಕುಳಿತ ಹಳೆಯ ಹೆಂಚಿನ ಮನೆ. ಬೇಸಗೆಯ ರಜೆಯಲ್ಲಿ ನಾಲ್ಕು ದಿನ ಅಲ್ಲಿಗೆ ಹೋಗಿಬರುವುದು ನನ್ನ ವಾಡಿಕೆ. ಕಳೆದ ಸಲ ಹೋದಾಗ ಮನೆಗೆ ಮೊಮ್ಮಗ ಬಂದಿದ್ದ. ಹೆರಿಗೆಯಾದದ್ದು ಮಡಿಕೇರಿಯ ಆಸ್ಪತ್ರೆಯಲ್ಲಿ. ಸುದ್ದಿ ಫೋನಿನಲ್ಲಿ ತಿಳಿದೊಡನೆ ಇಲ್ಲಿ ಅಂಗಳದಲ್ಲಿ ಒಂದು ಈಡು ಹಾರಿಸಿದರಂತೆ. ಮಗು ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಸ್ನೇಹಿತರ ತಾಯಿ ಹಿತ್ತಿಲಿಗೆ ಹೋಗಿ ಹರಳುಗಿಡದ ಎಳೆಯ ಕಡ್ಡಿಯೊಂದನ್ನು ಮುರಿದು ತಂದರು. ಅದನ್ನು ಬಾಗಿಸಿ ನೂಲು ಕಟ್ಟಿದರು. ಅದೇ ಗಿಡದ ಎಲೆಯ ತೊಟ್ಟನ್ನು ಬಾಣ ಮಾಡಿದರು. ಗೇಣುದ್ದದ ಆ ಬಿಲ್ಲನ್ನು ಮಗುವಿನ ಅಂಗೈಗೆ ತಾಗಿಸಿದಾಗ ಅದು ಕಣ್ಣು ತೆರೆಯದೆಯೆ ಬೆರಳು ಮಡಿಸಿ ಹಿಡಿದುಕೊಂಡಿತು.

ಈ ಆಚಾರ ಕೊಡಗಿನಲ್ಲಿ ಬಹಳ ಹಳೆಯದು. ಮಡಿಕೇರಿಯಲ್ಲಿ ಶಾಲೆಯ ಮುಖ್ಯರಾಗಿದ್ದ ರಿಕ್ಟರ್ ಪಾದ್ರಿಗಳು 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಹರಳುಗಿಡದ ಬಿಲ್ಲು, ಎಲೆತೊಟ್ಟಿನ ಬಾಣ, ಅಂಗಳದ ಈಡು, ಈ ಮೂರನ್ನೂ ಬರೆದಿಟ್ಟಿದ್ದಾರೆ. ಬಿಲ್ಲೂ ಬಂದೂಕೂ ಒಂದೇ ಅಂಗಳದಲ್ಲಿ ಕೂಡಿದ್ದ ಕಾಲ ಅದು. ಆಮೇಲೆ ಬಂದೂಕು ಉಳಿಯಿತು, ಬಿಲ್ಲು ಹರಳುಕಡ್ಡಿಯಾಯಿತು. 1861ರಷ್ಟು ಹಿಂದೆಯೇ ಕೊಡವರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ದೊರೆಯಿತು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಸೆಪ್ಟೆಂಬರಿನ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ನಾವು ಗೌರಿಹೂವೆನ್ನುವ ಕೆಂಪು ಹಳದಿಯ ಹೂವು ಅಂದು ಬಂದೂಕಿನ ತುದಿಗೇರುತ್ತದೆ. ಅದಕ್ಕೆ ಕೊಡವ ಭಾಷೆಯಲ್ಲಿ ಹೆಸರೇ ತೋಕ್‌ಪೂ, ಎಂದರೆ ಕೋವಿಯ ಹೂವು. ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದೂ ಕೋವಿಯಿಂದಲೇ.

ಮಗುವಿನ ಬಿಲ್ಲನ್ನು ನೋಡುತ್ತ ಪಕ್ಕದಲ್ಲಿ ನಿಂತಿದ್ದವನು ಸ್ನೇಹಿತರ ಕಿರಿಯ ಮಗ, ಹದಿನೆಂಟರ ಹುಡುಗ. ಮೈಸೂರಿನಲ್ಲಿ ಓದುತ್ತಿದ್ದಾನೆ. ರೆಸಾರ್ಟೊಂದರಲ್ಲಿ ನಾಲ್ಕು ಬಾಣ ಬಿಟ್ಟು ಬಂದಂದಿನಿಂದ ಅವನಿಗೆ ಸ್ವಂತದ ಬಿಲ್ಲೊಂದು ಬೇಕಾಗಿತ್ತು. “ಸಾರ್, ನೀವು ಪಂಪಭಾರತ ಪಾಠ ಮಾಡೋರು. ಬಿಲ್ಲಿನ ವಿಷಯ ನಿಮಗೆ ಗೊತ್ತಿರ್ತದೆ. ಐವತ್ತು ಪೌಂಡಿಂದು ತಗೊಳ್ಳೋಣಾಂತ ಇದ್ದೇನೆ, ಸಾಕಲ್ಲ?” ಎಂದು ಕೇಳಿದ.

ಅವನಿಗೆ ಉತ್ತರ ಹೇಳುವ ಮೊದಲು ನನ್ನ ಬಲಭುಜ ತಾನಾಗಿ ಒಮ್ಮೆ ನೊಂದಿತು. ಅದರ ಕಥೆ ಹೇಳಬೇಕು.

ಇಪ್ಪತ್ತು ವರ್ಷಗಳಿಂದ ನಾನು ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುತ್ತಿದ್ದೇನೆ. ಸರಳ್, ಕಣೆ, ಅಂಬು, ಕೋಲು ಎಂದು ಬಾಣಕ್ಕಿರುವ ಮಾತುಗಳನ್ನು ಬಿಡಿಸಿದ್ದೇನೆ. ಹಿಳುಕೆಂದರೆ ಬಾಣದ ಬುಡವೆಂದೂ ಬಿಲ್ಲೋಜನೆಂದರೆ ಬಿಲ್ವಿದ್ಯೆಯ ಗುರುವೆಂದೂ ಅರ್ಥ ಬರೆಯಿಸಿದ್ದೇನೆ. ‘ಬಿಲ್ಲುಬೆರಗು’ ಎಂಬ ಮಾತಿನಲ್ಲಿ ಬಿಲ್ಲೇಕೆ ಬಂತೆಂದು ಒಂದು ತರಗತಿಯನ್ನೇ ಕಳೆದಿದ್ದೇನೆ. ಆದರೆ ಬಿಲ್ಲಿಗೆ ಹೆದೆಯೇರಿಸುವುದು ಹೇಗೆಂದು ಯಾರಾದರೂ ಕೇಳಿದ್ದರೆ ನನಗೆ ಗೊತ್ತಿರಲಿಲ್ಲ. ಆ ಕೊರತೆಯನ್ನು ನೀಗಿಕೊಳ್ಳಲು ನಲವತ್ತು ದಾಟಿದ ಮೇಲೆ ಒಂದು ನಗರದ ಅಂಗಡಿಗೆ ಹೋದೆ. ಅಲ್ಲಿದ್ದಾತ ನನ್ನ ಮೀಸೆಯನ್ನು ನೋಡಿ, ಗಂಡಸರಿಗೆ ನಲವತ್ತೈದು ಪೌಂಡಿಗಿಂತ ಕಡಿಮೆ ಕೊಟ್ಟರೆ ಮರ್ಯಾದೆಯಲ್ಲವೆಂದ. ಮರ್ಯಾದೆಯ ಮಾತು ಬಂದ ಮೇಲೆ ಚೌಕಾಸಿಯುಂಟೆ? ಕೊಂಡುತಂದೆ. ಎರಡು ವಾರದಲ್ಲಿ ಭುಜ ಹಿಡಿಯಿತು. ಮೂರು ತಿಂಗಳು ಕರಿಹಲಗೆಯ ಮೇಲರ್ಧಕ್ಕೆ ನನ್ನ ಕೈ ಏರಲಿಲ್ಲ. ದ್ರೋಣಪರ್ವವನ್ನೆಲ್ಲ ಹಲಗೆಯ ಕೆಳಭಾಗದಲ್ಲಿ ಬರೆದೆ.

ನಲವತ್ತೈದು ಪೌಂಡೆಂದರೆ ಬಿಲ್ಲಿನ ತೂಕವೆಂದು ಬಹುಮಂದಿ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ಎಳೆತದ ತೂಕ: ಹೆದೆಯನ್ನು 28 ಅಂಗುಲ ಎಳೆದು ಹಿಡಿದಾಗ ಬೆರಳುಗಳ ಮೇಲೆ ಬೀಳುವ ಭಾರ. ಎಳೆತ ಒಂದು ಅಂಗುಲ ಹೆಚ್ಚಿದರೆ ಸುಮಾರು ಎರಡು ಪೌಂಡು ಏರುತ್ತದೆ, ಕಡಿಮೆಯಾದರೆ ಅಷ್ಟೇ ಇಳಿಯುತ್ತದೆ. ಆದುದರಿಂದ ಒಂದೇ ಬಿಲ್ಲು ಉದ್ದ ತೋಳಿನವನಿಗೆ ಒಂದು ಭಾರ, ಗಿಡ್ಡ ತೋಳಿನವನಿಗೆ ಇನ್ನೊಂದು. ಎರಡು ತೋಳನ್ನೂ ಪಕ್ಕಕ್ಕೆ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಅವರವರ ಎಳೆತದ ಉದ್ದ ಹೆಚ್ಚುಕಡಮೆ ದೊರೆಯುತ್ತದೆ. ಐದೂವರೆ ಅಡಿಯ ನನಗೆ ಅದು 26 ಅಂಗುಲದ ಮೇಲೆ ಸ್ವಲ್ಪ. ಈ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಮಾಡಲಿಲ್ಲ, ಮೀಸೆಯ ಲೆಕ್ಕ ಮಾತ್ರ ನಡೆಯಿತು.

ಹೊಸದಾಗಿ ಕಲಿಯುವ ವಯಸ್ಕನಿಗೆ 18ರಿಂದ 24 ಪೌಂಡು ಸಾಕು, ಮಕ್ಕಳಿಗೆ 10ರಿಂದ 16. ಪರೀಕ್ಷೆ ಸುಲಭ: ಹೆದೆಯನ್ನು ಪೂರ್ತಿ ಎಳೆದು ನಿಧಾನವಾಗಿ ಹತ್ತು ಎಣಿಸಬೇಕು. ಅಷ್ಟರಲ್ಲಿ ಬಿಲ್ಲು ಹಿಡಿದ ಕೈ ನಡುಗಿದರೆ ಅಥವಾ ಭುಜ ಮೇಲೆದ್ದರೆ ಆ ಬಿಲ್ಲು ನಮ್ಮದಲ್ಲ. ನನಗೆ ಇದನ್ನು ಮೊದಲು ತೋರಿಸಿಕೊಟ್ಟವರು ಚೆಟ್ಟಳ್ಳಿಯ ಆ ತೋಟಕ್ಕೇ ಕೆಲಸಕ್ಕೆ ಬರುತ್ತಿದ್ದ ಜೇನುಕುರುಬರ ಒಬ್ಬ ಮುದುಕರು. ಹೊಸ ಬಿಲ್ಲಿನ ಗತ್ತಿನಲ್ಲಿ ನಾನು ಕಣದಲ್ಲಿ ನಿಂತು ಎಳೆಯುತ್ತಿದ್ದುದನ್ನು ಅವರು ಎಲೆಯಡಿಕೆ ಜಗಿಯುತ್ತ ನೋಡಿ, “ಮೇಷ್ಟ್ರೇ, ನಿಮ್ಮ ಭುಜ ಕಿವಿಗೆ ಹತ್ತುತಾ ಉಂಟಲ್ಲ” ಎಂದು ನಕ್ಕಿದ್ದರು. ನಾನು ಆ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಭುಜ ಸರಿಹೋದ ಮೇಲೆ ಅವರನ್ನೇ ಹುಡುಕಿಕೊಂಡು ಹೋದೆ. ಬಿದಿರಿನ ಬಿಲ್ಲಿನ ಪಾಠವಾದದ್ದು ಅವರಿಂದ. ಟೊಳ್ಳಾದ ಹೆಬ್ಬಿದಿರಿಗಿಂತ ಒಳಗೆ ಗಟ್ಟಿ ತುಂಬಿದ ಕಿರುಬಿದಿರು ಲೇಸು. ಸೀಳಿದ ಬಿದಿರಿನ ಹೊರಸಿಪ್ಪೆ ಗುರಿಯ ಕಡೆಗೆ, ಒಳಮೈ ಬಿಲ್ಲುಗಾರನ ಕಡೆಗೆ ಇರಬೇಕು. ಬಿಲ್ಲು ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗನ್ನು ತಾಳುವ ನಾರಿರುವುದು ಸಿಪ್ಪೆಯಲ್ಲಿ. ಆದುದರಿಂದ ಕೆತ್ತುವುದೆಲ್ಲ ಒಳಗಿನಿಂದ. ಸಿಪ್ಪೆಗೆ ಕತ್ತಿ ತಾಗಿದರೆ ಅಲ್ಲಿಯೇ ಒಂದು ದಿನ ಸೀಳು. ಬಿದಿರನ್ನು ಮಳೆ ಮುಗಿದ ಮೇಲೆ ಕಡಿಯಬೇಕೆಂದು ಅವರು ಹೇಳಿದಾಗ ನನಗೆ ಆಶ್ಚರ್ಯವಾಯಿತು. ಬಿಲ್ಲಿಗೆ ಶರತ್ಕಾಲದ ಬಿದಿರೇ ಶ್ರೇಷ್ಠವೆಂದು ಅಗ್ನಿಪುರಾಣ ಹೇಳುತ್ತದೆ. ಪುರಾಣವನ್ನು ಓದಿದ ನಾನು ಬಿದಿರನ್ನು ಕಡಿದಿರಲಿಲ್ಲ, ಬಿದಿರನ್ನು ಕಡಿದ ಅವರು ಪುರಾಣವನ್ನು ಓದಿರಲಿಲ್ಲ.

ಅದೇ ಪುರಾಣ ಬಿಲ್ಲಿನ ಉದ್ದವನ್ನೂ ಗೊತ್ತುಮಾಡಿದೆ: ನಾಲ್ಕು ಹಸ್ತದ್ದು ಉತ್ತಮ, ಮೂರೂವರೆಯದು ಮಧ್ಯಮ, ಮೂರರದು ಕನಿಷ್ಠ. ಹಸ್ತಕ್ಕೆ ಹದಿನೆಂಟು ಅಂಗುಲವೆಂದರೆ ಉತ್ತಮ ಬಿಲ್ಲು ಆರು ಅಡಿ, ಮಧ್ಯಮ 63 ಅಂಗುಲ. ಇಂದಿನ ಸ್ಪರ್ಧೆಯ ಬಿಲ್ಲುಗಳು 66, 68, 70 ಅಂಗುಲದಲ್ಲಿ ಬರುತ್ತವೆ. ಎಳೆತ 27 ಅಂಗುಲದೊಳಗಿನವರಿಗೆ 66, ಅದಕ್ಕಿಂತ ಹೆಚ್ಚಿನವರಿಗೆ ಮುಂದಿನವು. ಉದ್ದ ತೋಳಿನವನು ಗಿಡ್ಡ ಬಿಲ್ಲು ಹಿಡಿದರೆ ಹೆದೆಯ ಕೋನ ಕಿರಿದಾಗಿ ಬೆರಳುಗಳನ್ನು ಹಿಂಡುತ್ತದೆ. ಗ್ರೀಕ್ ಇತಿಹಾಸಕಾರ ಏರಿಯನ್ ತನ್ನ ‘ಇಂಡಿಕಾ’ದಲ್ಲಿ ನಮ್ಮ ಪದಾತಿಗಳ ಬಿಲ್ಲು ಆಳೆತ್ತರವಿತ್ತೆಂದೂ, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹೆದೆಯೆಳೆಯುತ್ತಿದ್ದರೆಂದೂ ಬರೆದಿದ್ದಾನೆ. ಕಾಲಿನಿಂದ ಬಿಲ್ಲು ಹಿಡಿಯುವುದೆಂಥ ಕಟ್ಟುಕಥೆಯೆಂದು ನಾನು ಹಿಂದೆ ನಕ್ಕದ್ದುಂಟು. 2024ರಲ್ಲಿ ಪ್ಯಾರಿಸ್ಸಿನ ಪ್ಯಾರಾಲಿಂಪಿಕ್ಸಿನಲ್ಲಿ, ಹುಟ್ಟಿನಿಂದ ತೋಳುಗಳೇ ಇಲ್ಲದ ಶೀತಲ್ ದೇವಿ ಪಾದದಿಂದ ಬಿಲ್ಲು ಹಿಡಿದು ಭುಜದಿಂದ ಹೆದೆಯೆಳೆದು, ರಾಕೇಶ್ ಕುಮಾರರೊಡನೆ ಕಂಚಿನ ಪದಕ ಗೆದ್ದುದನ್ನು ನೋಡಿದ ಮೇಲೆ ನಗುವುದನ್ನು ಬಿಟ್ಟಿದ್ದೇನೆ.

ಮರ ಬಿದಿರುಗಳ ಬಿಲ್ಲಲ್ಲದೆ ಕೊಂಬಿನ ಬಿಲ್ಲೂ ನಮ್ಮಲ್ಲಿತ್ತು. ವಿಷ್ಣುವಿನ ಶಾರ್ಙ್ಗವೆಂದರೆ ಕೊಂಬಿನಿಂದಾದುದೆಂದೇ ಅರ್ಥ. ತುರ್ಕರೂ ಮೊಗಲರೂ ಮೆರೆಸಿದ್ದು ಇಂಥ ಬಿಲ್ಲನ್ನು: ಒಳಮೈಗೆ ಕೊಂಬು, ನಡುವೆ ಮರ, ಹೊರಮೈಗೆ ಪ್ರಾಣಿಯ ಸ್ನಾಯು, ಎಲ್ಲವನ್ನೂ ಬೆಸೆಯಲು ಚರ್ಮದ ಅಂಟು. ಗಿಡ್ಡದಾದರೂ ಮಹಾಬಲ, ಕುದುರೆಯ ಮೇಲಿನವನಿಗೆ ಹೇಳಿಮಾಡಿಸಿದ್ದು. ಆದರೆ ಆ ಅಂಟಿಗೆ ತೇವ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಪುಸ್ತಕದ ರಟ್ಟಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಸುವ ಕೊಡಗಿನಲ್ಲಿ ಅಂಥ ಬಿಲ್ಲು ಒಂದು ಮಳೆಗಾಲ ಕಳೆಯುವುದು ಕಷ್ಟ. ಈ ಕಾಡಿಗೆ ಬಿದಿರೇ ಸರಿ.

ಅಂತೂ ಹುಡುಗನ ಪ್ರಶ್ನೆಗೆ ಬರಬೇಕು. ಆ ಸಂಜೆ ಜಗಲಿಯಲ್ಲಿ ಕುಳಿತು ನಾವಿಬ್ಬರೂ ಇಂದು ಅಂಗಡಿಯಲ್ಲಿ ದೊರೆಯುವ ಬಿಲ್ಲುಗಳನ್ನು ಒಂದೊಂದಾಗಿ ವಿಚಾರಿಸಿದೆವು. ಅವನ ಮನಸ್ಸು ನೆಟ್ಟಿದ್ದುದು ಕಾಂಪೌಂಡ್ ಬಿಲ್ಲಿನ ಮೇಲೆ. ಅಮೆರಿಕದ ಹಾಲಿಸ್ ವಿಲ್ಬರ್ ಆಲೆನ್ ಎಂಬಾತ ಕಂಡುಹಿಡಿದು 1969ರಲ್ಲಿ ಹಕ್ಕುಪತ್ರ ಪಡೆದ ಬಿಲ್ಲು ಅದು. ಎರಡು ತುದಿಗೂ ರಾಟೆ. ಅರ್ಧ ಎಳೆಯುವವರೆಗೆ ಪೂರ್ಣಭಾರ, ಆಮೇಲೆ ರಾಟೆ ತಿರುಗಿ ಭಾರ ತಟ್ಟನೆ ಇಳಿಯುತ್ತದೆ. ನೂರಕ್ಕೆ ಎಂಬತ್ತು ಇಳಿಸುವ ಬಿಲ್ಲಾದರೆ ಐವತ್ತು ಪೌಂಡನ್ನು ಎಳೆದವನು ಹತ್ತನ್ನು ಮಾತ್ರ ಹಿಡಿದು ನೆಮ್ಮದಿಯಾಗಿ ಗುರಿ ನೋಡಬಹುದು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಅದಕ್ಕೂ ಸ್ಥಾನ ಕೊಡುತ್ತಾರೆಂದು ನಿಶ್ಚಯವಾಗಿದೆ. ಬಿಲ್ಲೇನೋ ಅದ್ಭುತವೇ. ಆದರೆ ಎಳೆತದ ಉದ್ದವನ್ನು ರಾಟೆಯಲ್ಲಿಯೇ ಗೊತ್ತುಮಾಡಿರುತ್ತಾರೆ. ಇನ್ನೂ ಬೆಳೆಯುತ್ತಿರುವ ಹುಡುಗನಿಗೆ ಅದನ್ನು ಮತ್ತೆ ಮತ್ತೆ ಹೊಂದಿಸಬೇಕು. ಹೆದೆ ಬದಲಿಸುವುದಕ್ಕೂ ಬೇರೊಂದು ಯಂತ್ರ ಬೇಕು. ಚೆಟ್ಟಳ್ಳಿಯಲ್ಲಿ ಹೆದೆ ತುಂಡಾದರೆ ದೂರದ ಪಟ್ಟಣಕ್ಕೆ ಬಿಲ್ಲನ್ನು ಹೊತ್ತುಕೊಂಡೇ ಹೋಗಬೇಕಾದೀತು.

ಇಂಗ್ಲಿಷರ ನೀಳಬಿಲ್ಲನ್ನು ಹೆಸರಿಸಿದೆ. ಅದು ಹುಡುಗನಿಗೆ ರುಚಿಸಲಿಲ್ಲ. ಆದರೆ ಅದರ ಕಥೆ ರುಚಿಸಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ‘ಮೇರಿ ರೋಸ್’ ಹಡಗಿನಲ್ಲಿ ನೂರಕ್ಕೂ ಮಿಕ್ಕಿ ಯೂ ಮರದ ಬಿಲ್ಲುಗಳು ದೊರೆತವು. ಅವುಗಳ ಎಳೆತ ನೂರು ಪೌಂಡನ್ನು ಮೀರಿತ್ತೆಂದು ಲೆಕ್ಕಹಾಕಿದ್ದಾರೆ. ಅದೇ ಹಡಗಿನಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಹಲವಕ್ಕೆ ಭುಜದ ತುದಿಯ ಎಲುಬು ಬೆಸೆದುಕೊಳ್ಳದೆ ಹಾಗೆಯೇ ಉಳಿದಿತ್ತು. ಎಳವೆಯಿಂದಲೇ ಭಾರಿ ಬಿಲ್ಲುಗಳನ್ನು ಎಳೆದುದರ ಫಲ ಇದಿರಬಹುದೆಂದು ವಿದ್ವಾಂಸರ ಊಹೆ. ಇದನ್ನು ಕೇಳಿ ಹುಡುಗ ತನ್ನ ಭುಜವನ್ನೊಮ್ಮೆ ಮುಟ್ಟಿ ನೋಡಿಕೊಂಡ. ನಾನು ಸಮಯ ಸಾಧಿಸಿ ಮೀಸೆಯ ಅಂಗಡಿಯ ಕಥೆಯನ್ನೂ ಹೇಳಿಬಿಟ್ಟೆ.

ಉಳಿದದ್ದು ರಿಕರ್ವ್, ತುದಿಗಳು ಹೊರಕ್ಕೆ ಬಾಗಿದ ಬಿಲ್ಲು. ಒಲಿಂಪಿಕ್ಸಿನಲ್ಲಿ ಎಪ್ಪತ್ತು ಮೀಟರಿನಿಂದ ಹೊಡೆಯುವುದು ಇದರಿಂದಲೇ. ಆ ದೂರದಲ್ಲಿ ಹತ್ತು ಅಂಕದ ಹಳದಿ ವೃತ್ತದ ಅಗಲ 12.2 ಸೆಂಟಿಮೀಟರು. ಕಲಿಯುವವನಿಗೆ ಇದರ ದೊಡ್ಡ ಅನುಕೂಲ ಬಿಚ್ಚಿ ಜೋಡಿಸಬಹುದೆಂಬುದು. ನಡುವಿನ ಹಿಡಿ ಒಂದು, ತೋಳುಗಳು ಎರಡು. ಇಪ್ಪತ್ತು ಪೌಂಡಿನ ತೋಳುಗಳಿಂದ ತೊಡಗಿ, ಮೈ ಪಳಗಿದಂತೆ ಎರಡು ನಾಲ್ಕು ಪೌಂಡು ಏರಿಸುತ್ತ ಹೋಗಬಹುದು. ಹಿಡಿ ಮಾತ್ರ ಅದೇ. ನಾನು ಇಂದು ಬಳಸುವುದು ಇದನ್ನೇ, 24 ಪೌಂಡಿನದು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಖರ್ಚು ಇನ್ನೂ ಕಡಿಮೆ ಮಾಡಬೇಕೆಂದರೆ ಬಿದಿರಿನ ಬಿಲ್ಲುಂಟು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಅದಕ್ಕೆಂದೇ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಆರಂಭಿಸಿ 1992ರಲ್ಲಿ ಬೀಜಿಂಗಿನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದವರು.

“ಅರ್ಜುನ ಎಡಗೈಲೂ ಹೊಡೀತಿದ್ನಲ್ಲ ಸಾರ್, ನಾನು ಯಾವ ಕೈದು ತಗೊಳ್ಳಲಿ?” ಎಂದ ಹುಡುಗ. ಒಳ್ಳೆಯ ಪ್ರಶ್ನೆ. ಸವ್ಯಸಾಚಿಗೆ ಎರಡು ಕೈಯೂ ಒಂದೇ. ನಮ್ಮಂಥವರಿಗೆ ಕೈಗಿಂತ ಕಣ್ಣು ಮುಖ್ಯ. ಚಾಚಿದ ಎರಡು ಅಂಗೈಗಳ ನಡುವೆ ಕಿರಿದಾದ ಕಿಂಡಿ ಮಾಡಿ, ಎರಡು ಕಣ್ಣನ್ನೂ ತೆರೆದು ದೂರದ ಒಂದು ವಸ್ತುವನ್ನು ಅದರೊಳಗಿಂದ ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲಿ ಉಳಿಯುತ್ತದೋ ಅದು ಯಜಮಾನ ಕಣ್ಣು. ಬಲಗಣ್ಣು ಯಜಮಾನನಾದರೆ ಬಲಗೈಯಲ್ಲಿ ಹೆದೆಯೆಳೆಯುವ ಬಿಲ್ಲು. ಹುಡುಗ ಕಣದಾಚೆಯ ಸಿಲ್ವರ್ ಮರದ ಮೇಲಿನ ಮೆಣಸಿನ ಬಳ್ಳಿಯನ್ನು ನೋಡಿ ಪರೀಕ್ಷಿಸಿದ. ಬಲಗೈಯವನಾದ ಅವನಿಗೆ ಯಜಮಾನ ಎಡಗಣ್ಣು! ಐವತ್ತು ಪೌಂಡಿನ ಬಲಗೈ ಬಿಲ್ಲನ್ನು ಕೊಂಡಿದ್ದರೆ ಭುಜವೂ ಹೋಗುತ್ತಿತ್ತು, ಬಾಣವೂ ಪಕ್ಕಕ್ಕೆ ಹೋಗುತ್ತಿತ್ತು.

ಬೆರಳಿನ ವಿಷಯದಲ್ಲಿ ನನಗೆ ಪಾಠ ಹೇಳುವಾಗ ಹೊಳೆಯದ ಒಂದು ಸಂಗತಿ ಬಿಲ್ಲು ಹಿಡಿದ ಮೇಲೆ ಹೊಳೆಯಿತು. ಇಂದು ರಿಕರ್ವ್ ಎಳೆಯುವವರು ಮೂರು ಬೆರಳನ್ನು ಬಳಸುತ್ತಾರೆ: ಬಾಣದ ಮೇಲೆ ತೋರುಬೆರಳು, ಕೆಳಗೆ ನಡುಬೆರಳೂ ಉಂಗುರದ ಬೆರಳೂ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿಬಿಡುತ್ತಾರೆ. ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ತುರ್ಕರು, ಮಂಗೋಲರು, ಕೊರಿಯದವರು ಹಾಗಲ್ಲ. ಹೆಬ್ಬೆರಳಿಗೆ ಉಂಗುರ ತೊಟ್ಟು ಅದರಿಂದಲೇ ಹೆದೆಯನ್ನು ಕೊಕ್ಕೆ ಹಾಕಿ ಎಳೆಯುತ್ತಾರೆ. ಏಕಲವ್ಯನದೂ ಹೆಬ್ಬೆರಳಿನ ವಿದ್ಯೆಯೇ ಆಗಿದ್ದಿರಬೇಕು. ಇಲ್ಲವಾದರೆ ದ್ರೋಣ ಅದನ್ನೇ ಕೇಳುವುದಕ್ಕೆ ಅರ್ಥವಿಲ್ಲ. ಬೆರಳು ಕೊಟ್ಟ ಮೇಲೂ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ ಹಿಂದಿನ ವೇಗ ಮಾತ್ರ ಬರಲಿಲ್ಲವೆಂದೂ ವ್ಯಾಸಭಾರತದ ಆದಿಪರ್ವದಲ್ಲಿ ಉಂಟು. ಇಂದಿನ ಮೈದಾನದಲ್ಲಾಗಿದ್ದರೆ ಆ ಹುಡುಗ ಗುರುದಕ್ಷಿಣೆ ಕೊಟ್ಟು ಮರುದಿನವೇ ಅಭ್ಯಾಸಕ್ಕೆ ನಿಲ್ಲಬಹುದಾಗಿತ್ತು.

ಕಾವ್ಯಕ್ಕೂ ಮೈದಾನಕ್ಕೂ ಜಗಳವಿರುವ ಇನ್ನೊಂದು ಎಡೆಯುಂಟು. ನಮ್ಮ ವೀರರೆಲ್ಲ ಯುದ್ಧಕ್ಕೆ ಮುನ್ನ ಜೇವೊಡೆಯುತ್ತಾರೆ. ಆ ಠೇಂಕಾರಕ್ಕೆ ದಿಗ್ಗಜಗಳು ನಡುಗುತ್ತವೆ. ಮೈದಾನದಲ್ಲಿ ಶಿಕ್ಷಕರು ಹೇಳುವ ಮೊದಲನೆಯ ಮಾತು, ಬಾಣವಿಲ್ಲದೆ ಹೆದೆಯನ್ನೆಳೆದು ಬಿಡಬೇಡಿ ಎಂಬುದು. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ಬಿಲ್ಲಿನೊಳಕ್ಕೇ ತಿರುಗಿ ಅದರ ತೋಳನ್ನು ಸೀಳುತ್ತದೆ. ಕಾಂಪೌಂಡ್ ಆದರೆ ರಾಟೆ ಕಿತ್ತು ಮುಖಕ್ಕೇ ಬಡಿಯಬಹುದು. ಗಾಂಡೀವಕ್ಕೆ ಏನೂ ಆಗದಿದ್ದುದು ಅದು ಅಗ್ನಿ ತಂದುಕೊಟ್ಟದ್ದಾದ್ದರಿಂದ.

ಬಾಣವನ್ನು ಕುರಿತು ಹೇಳುವುದು ಬಹಳವಿದೆ. ಒಂದನ್ನು ಮಾತ್ರ ಹೇಳುತ್ತೇನೆ. ಹೆದೆ ಬಿಟ್ಟೊಡನೆ ಬಾಣ ನೆಟ್ಟಗೆ ಹೋಗುವುದಿಲ್ಲ, ಮೀನಿನಂತೆ ಬಳುಕಿ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. ಆ ಬಳುಕು ಬಿಲ್ಲಿನ ಬಲಕ್ಕೆ ಹೊಂದಬೇಕು. ಹಗುರ ಬಿಲ್ಲಿಗೆ ಬಿರುಸಾದ ಬಾಣ ಹೂಡಿದರೆ ಅಥವಾ ಬಲವಾದ ಬಿಲ್ಲಿಗೆ ಮೆದು ಬಾಣ ಹೂಡಿದರೆ ಎಷ್ಟು ಗುರಿಯಿಟ್ಟರೂ ಅದು ಒಂದೇ ಕಡೆಗೆ ಸರಿಯುತ್ತದೆ. ಬಿಲ್ಲನ್ನು ಕೊಂಡ ಮೇಲೆ ಬಾಣ, ಆ ಕ್ರಮ ತಪ್ಪಬಾರದು.

ಜಾಗವನ್ನು ನಾವಿಬ್ಬರೂ ಸೇರಿ ಸಿದ್ಧಪಡಿಸಿದೆವು. ಕಾಫಿಯ ಕೊಯ್ಲೆಲ್ಲ ಮುಗಿದು ಏಪ್ರಿಲಿನಲ್ಲಿ ಕಣ ಬರಿದಾಗಿರುತ್ತದೆ. ಒಂದು ಬದಿಗೆ ಗುಡ್ಡವನ್ನು ಕಡಿದ ಮಣ್ಣಿನ ಬರೆ. ತಪ್ಪಿದ ಬಾಣಕ್ಕೆ ಅದಕ್ಕಿಂತ ಒಳ್ಳೆಯ ತಡೆಯಿಲ್ಲ. ತೋಟದಲ್ಲಿ ಯಾವ ಗಿಡದ ಹಿಂದೆ ಯಾರು ಕೆಲಸ ಮಾಡುತ್ತಿರುತ್ತಾರೋ ಹೇಳಲಾಗದು. ಬರೆಯಿಲ್ಲದ ದಿಕ್ಕಿಗೆ ಬಾಣ ಬಿಡಲೇಕೂಡದೆಂದು ಮೊದಲೇ ಮಾತಾಯಿತು. ಗೋಣಿಚೀಲಕ್ಕೆ ಕಾಫಿಯ ಹೊಟ್ಟನ್ನು ಬಿಗಿಯಾಗಿ ತುಂಬಿ ಗುರಿ ಮಾಡಿದೆವು. ಹಕ್ಕಿಗೋ ಕಾಡುಕೋಳಿಗೋ ಬಾಣವೆತ್ತಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾದಿದೆಯೆಂದು ನಾನು ಹೇಳಿದೆ. “ಅದಕ್ಕೆ ಮೊದಲು ನಾನು ಕಾದಿದ್ದೇನೆ” ಎಂದು ಒಳಗಿನಿಂದ ಅಜ್ಜಿಯ ಧ್ವನಿ ಕೇಳಿತು.

ಹುಡುಗನ ಬಿಲ್ಲು ಬರುವುದಕ್ಕೆ ಎರಡು ವಾರ ಹಿಡಿಯಿತು: 20 ಪೌಂಡಿನ ರಿಕರ್ವ್, 68 ಅಂಗುಲ, ಎಡಗೈಯಲ್ಲಿ ಎಳೆಯುವಂಥದು. ಮೇ ತಿಂಗಳಲ್ಲಿ ನಾನು ಮತ್ತೆ ಹೋದೆ. ಹತ್ತು ಮೀಟರಿನಿಂದ ಅವನು ಹೊಡೆಯುತ್ತಿದ್ದ. ಮುಂಗೈಗೆ ಹೆದೆ ಬಡಿದು ಬಂದ ನೀಲಿ ಬರೆಯನ್ನು ಪದಕದಂತೆ ತೋರಿಸಿದ; ತೊಗಲಿನ ಪಟ್ಟಿ ಕಟ್ಟಲು ಉದಾಸೀನ ಮಾಡಿದ್ದನಂತೆ. ಗೆಳೆಯರೊಬ್ಬರು ಇಪ್ಪತ್ತು ಪೌಂಡೇ ಎಂದು ನಕ್ಕರಂತೆ. ಅವರ ಕೈಗೇ ಬಿಲ್ಲು ಕೊಟ್ಟು ಪೂರ್ತಿ ಎಳೆದು ಹತ್ತು ಎಣಿಸಿ ಎಂದನಂತೆ. ಏಳಕ್ಕೆ ಕೈ ನಡುಗಿತಂತೆ. ಆ ದಿನ ಅವನು ಬಿಟ್ಟ ಆರು ಬಾಣಗಳಲ್ಲಿ ನಾಲ್ಕು ಗೋಣಿಯ ನಡುವೆ ಅಂಗೈಯಗಲದಲ್ಲಿ ನಿಂತವು. ಐದನೆಯದು ಚೀಲದ ಅಂಚಿಗೆ, ಆರನೆಯದು ಬರೆಗೆ. ಭುಜ ಕಿವಿಯಿಂದ ದೂರವೇ ಇತ್ತು. ಕುರುಬರ ಮುದುಕರು ಕಣದ ಮೂಲೆಯಲ್ಲಿ ಕುಳಿತು ನೋಡುತ್ತಿದ್ದರು; ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದುದನ್ನು ಹುಡುಗ ಗಮನಿಸಿದ.

ಮೂರು ಗಂಟೆಗೆ ಮೀನುಕೊಲ್ಲಿ ಕಾಡಿನ ಕಡೆಯಿಂದ ಮೋಡವೆದ್ದಿತು. ನಾವು ಬಾಣಗಳನ್ನು ಕಿತ್ತು, ಗರಿ ನೆನೆಯದಂತೆ ಬಟ್ಟೆಯಲ್ಲಿ ಸುತ್ತಿ, ಬಿಲ್ಲುಗಳ ಹೆದೆಯಿಳಿಸಿ ಜಗಲಿಗೆ ಓಡಿದೆವು. ಒಳಗೆ ಮಗು ಎದ್ದಿತ್ತು. ತೊಟ್ಟಿಲ ಮೇಲಿನ ಮೊಳೆಗೆ ಹರಳುಗಿಡದ ಬಿಲ್ಲು ಇನ್ನೂ ತೂಗುತ್ತಿತ್ತು, ಒಣಗಿ ಕಂದಾಗಿ, ನೂಲು ಸಡಿಲವಾಗಿ. ಅದನ್ನು ತೆಗೆದು ಹೊಸದೊಂದನ್ನು ಮಾಡಿಡಲೇ ಎಂದು ಹುಡುಗ ಕೇಳಿದ. ಅಜ್ಜಿ ಮಳೆಗೆ ಕಿಟಕಿ ಮುಚ್ಚುತ್ತ, “ಇರಲಿ ಬಿಡು. ಇವನಿಗೆ ಕೈ ಬರಲಿ, ಆಮೇಲೆ ಅಳತೆ ನೋಡಿ ಮಾಡುವಿಯಂತೆ” ಎಂದರು.